ಮದುವೆ ಊಟಕ್ಕೆ ಕರೆದು ತಿಥಿ ಊಟ ಬಡಿಸಿದರು

ಗೆಳೆಯರೆಲ್ಲ ಸೇರಿ ಕನ್ನಡ ಪುಸ್ತಕ ಪ್ರಕಟಿಸೋಕೆ ಅಂತ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ದರು. ನಾನೂ ಒಂದಿಷ್ಟು ದುಡ್ಡು ಹಾಕಿದ್ದೆ. ಹೋದ ತಿಂಗಳು ನೋಟೀಸು ಬಂತು. ಇನ್ನು ಮೇಲೆ ಕಂಪನಿ ಸೈಟು ಮಾರುತ್ತದಂತೆ!

ಕಂಪನಿ ಯಾತಕ್ಕೆ ಹುಟ್ಟಿತು ಅನ್ನೋದು ಅದರ ಮೆಮೊರಾಂಡಮ್ಮಿನಲ್ಲಿ ಇರುತ್ತೆ. 2013ರ ಕಂಪನಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅದನ್ನು ಬದಲಿಸೋಕೆ ವಿಶೇಷ ನಿರ್ಣಯ ಬೇಕು, ಅಂದ್ರೆ ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು. ಆಮೇಲೆ 30 ದಿನದೊಳಗೆ ಎಂಜಿಟಿ-14 ಫಾರ್ಮು ಸಲ್ಲಿಸಬೇಕು. ರಿಜಿಸ್ಟ್ರಾರು ನೋಂದಾಯಿಸಿದರೆ ಮುಗೀತು.

ಪ್ರಾಸ್ಪೆಕ್ಟಸ್ ಹೊರಡಿಸಿ ಜನರಿಂದ ಎತ್ತಿದ ಹಣ ಇನ್ನೂ ಖರ್ಚಾಗದೆ ಉಳಿದಿದ್ದರೆ ಮಾತ್ರ ಪೇಪರಿನಲ್ಲಿ ಜಾಹೀರಾತು ಕೊಡಬೇಕು, ಒಪ್ಪದವರು ಷೇರು ಬಿಟ್ಟು ಹೊರಹೋಗೋಕೆ ದಾರಿ ಮಾಡಿಕೊಡಬೇಕು. ನಮ್ಮಂಥ ಪ್ರೈವೇಟ್ ಕಂಪನಿಯ ಸಣ್ಣ ಷೇರುದಾರರಿಗೆ ಆ ಸೆಕ್ಷನ್ನಿನಲ್ಲಿ ಅಂಥ ದಾರಿ ಇಲ್ಲ. ಹೊರಗೆ ಷೇರು ಕೊಳ್ಳೋರೂ ಇಲ್ಲ!

"ಬಿಸಿನೆಸ್ ಅಂದಮೇಲೆ ಬದಲಾಗಬೇಕಪ್ಪಾ" ಅಂದ ಒಬ್ಬ ಗೆಳೆಯ. ಆಗಲಿ ಮಾರಾಯ, ಬೇಡ ಅಂದೋರ್ಯಾರು? ಪುಸ್ತಕದಿಂದ ಹೊಟ್ಟೆ ತುಂಬಲ್ಲ ಅಂತ ನನಗೂ ಗೊತ್ತು. ಆದರೆ ಮದುವೆ ಊಟ ಅಂತ ಕರೆದು ತಿಥಿ ಊಟ ಬಡಿಸಿದ ಮೇಲೆ, ಎಲೆ ಬಿಟ್ಟು ಏಳೋಕಾದ್ರೂ ಬಿಡಬೇಕಲ್ವಾ?

ಮೊನ್ನೆ ಸಭೆಯಲ್ಲಿ ವಿರುದ್ಧ ಮತ ಹಾಕಿದೆ, ಮಿನಿಟ್ಸಿನಲ್ಲಿ ಬರೆಸಿದೆ, ಸೋತೆ. ನನ್ನ ದುಡ್ಡು ಈಗ ಸೈಟಿನ ದುಡ್ಡು.

ಗೆಳೆತನದ ಮುಲಾಜಿಗೆ ದುಡ್ಡು ಹಾಕೋರೆ, 'ಉದ್ದೇಶ ಬದಲಾದರೆ ನನ್ನ ಷೇರನ್ನು ನೀವೇ ಕೊಳ್ಳಬೇಕು' ಅಂತ ಮೊದಲ ದಿನವೇ ಷೇರುದಾರರ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಕೇಳೋಕೆ ನಾಚ್ಕೋಬೇಡಿ. ಬರೆಯೋಕೆ ಒಪ್ಪದವನು ನಿಮ್ಮ ಗೆಳೆಯನೇನ್ರಿ?