ಮೀಸೆ ಬಿಡಿ, ನೆಲ ನೋಡಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ನಮಗೆಲ್ಲ ಗೊತ್ತು. ಗಲ್ಫ್‌ನಲ್ಲಿ ಬೆಳೆದ ನಾವು ಅಂಥ ಜಟ್ಟಿಗಳನ್ನು ಹತ್ತಿರದಿಂದಲೇ ನೋಡಿದ್ದೇವೆ.

ಕಳೆದ ರಜೆಯಲ್ಲಿ ಕುವೈತ್‌ನ ಎಗೈಲಾದ ಮನೆಗೆ ಹೋಗಿದ್ದಾಗ, ಅಪ್ಪನ ಗೆಳೆಯರಾದ ಪುತ್ತೂರಿನ ಅಂಕಲ್ ಒಬ್ಬರು ಕೈಗೆ ಪಟ್ಟಿ ಕಟ್ಟಿಕೊಂಡು ಊಟಕ್ಕೆ ಬಂದರು. ಏನಾಯ್ತು ಅಂತ ಕೇಳಿದ್ವಿ. "ಎಂತ ಇಲ್ಲ ಮಾರಾಯ, ಗೋಡೌನಲ್ಲಿ ಜಾರಿ ಬಿದ್ದೆ. ನಂದೇ ತಪ್ಪು, ನೋಡಿ ನಡೀಬೇಕಿತ್ತು" ಅಂದ್ರು. ಊಟ ಮುಗಿಯೋ ಹೊತ್ತಿಗೆ ಪೂರ್ತಿ ಕತೆ ಹೊರಬಂತು. ಬಾಗಿಲ ಬಳಿ ಎಸಿ ನೀರು ಒಂದು ವಾರದಿಂದ ತೊಟ್ಟಿಕ್ಕುತ್ತಿತ್ತು. ಎಲ್ಲರೂ ದಾಟಿಕೊಂಡು ಓಡಾಡುತ್ತಿದ್ದರು. ಅವತ್ತು ಅಂಕಲ್ ಕೈಯಲ್ಲಿ ಒಂದರ ಮೇಲೊಂದು ಎರಡು ಪೆಟ್ಟಿಗೆ, ಕಾಲಬುಡ ಕಾಣುವಂತಿರಲಿಲ್ಲ.

ಇದರಲ್ಲಿ ಅವರ ತಪ್ಪೇನು? ನಡೆಯುವಾಗ ಮೊದಲು ಹಿಮ್ಮಡಿ ಊರುತ್ತೆ. ಆ ಕ್ಷಣ ನೆಲಕ್ಕೂ ಚಪ್ಪಲಿಗೂ ನಡುವೆ ನೀರೋ ಎಣ್ಣೆಯೋ ಇದ್ದರೆ ಘರ್ಷಣೆ ಸಾಲದೆ ಕಾಲು ಮುಂದಕ್ಕೆ ಜಾರುತ್ತೆ. ಕುವೈತ್‌ನ ನಯವಾದ ಟೈಲ್ಸ್ ಮೇಲೆ ಧೂಳುಗಾಳಿ ತಂದ ಮರಳೂ ಅಷ್ಟೇ, ಪುಟ್ಟ ಗೋಲಿಗಳ ಹಾಗೆ ಕೆಲಸ ಮಾಡುತ್ತೆ. ಇದು ಎಂಜಿನಿಯರಿಂಗ್ ಮೊದಲ ವರ್ಷದ ಪಾಠ. ಆದರೂ ಯಾರಾದರೂ ಬಿದ್ದರೆ ನಾವು ಮೊದಲು ಕೇಳೋದು "ಕಣ್ಣು ಕಾಣಲ್ವಾ?" ಅಂತ.

ಊರಲ್ಲಿ ಅಜ್ಜಿ ಹೀಗೆ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿದರೆ ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸಿಸುತ್ತಿದ್ದರು. ಎಚ್ಚರಿಕೆ ಹೇಳುವ ಮೊದಲು ನೆಲ ಸರಿಮಾಡುತ್ತಿದ್ದರು. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯ್ದೆಯ 32ನೇ ಸೆಕ್ಷನ್ ಹೇಳುತ್ತಿದ್ದದ್ದೂ ಇದನ್ನೇ: ನೆಲ, ಮೆಟ್ಟಿಲು, ಓಡಾಡುವ ದಾರಿಗಳಲ್ಲಿ ಅಡೆತಡೆ ಇರಬಾರದು, ಜಾರಿಸುವಂಥದ್ದು ಇರಬಾರದು. ಅಂದರೆ ಸೋರಿಕೆ ನಿಲ್ಲಿಸೋದು ಮೊದಲು, ಒರೆಸೋದು ಆಮೇಲೆ. ಹಳದಿ ಬೋರ್ಡು ಕೊನೆಗೆ. ಬಹಳ ಕಡೆ ಬೋರ್ಡಿನಲ್ಲೇ ಕೆಲಸ ಮುಗಿದುಬಿಡುತ್ತೆ.

ಇದು ನಮ್ಮ ಮಾತೂ ಹೌದು. ನಮ್ಮಲ್ಲಿ ಎಷ್ಟೋ ಜನ ಸಂಜೆ ಹೋಟೆಲ್ ಅಡುಗೆಮನೆಯಲ್ಲೋ ಗೋದಾಮಿನಲ್ಲೋ ದುಡಿಯುತ್ತೇವೆ. ಪಾತ್ರೆ ತೊಳೆಯುವ ಜಾಗದಲ್ಲಿ ಜಾರಿ ಬಿದ್ದರೆ ಸುತ್ತ ನೋಡಿ, ಮೈ ಕೊಡವಿಕೊಂಡು ಏಳುತ್ತೇವೆ. ಹೇಳಿದರೆ ಮುಂದಿನ ವಾರದ ಶಿಫ್ಟ್ ಹೋದೀತು ಅನ್ನೋ ಭಯ. ಆ ಭಯ ಸುಳ್ಳು ಅಂತ ನಾವು ಹೇಳಲ್ಲ. ಆದರೆ ನಾವು ಸುಮ್ಮನಿದ್ದರೆ ಅದೇ ಜಾಗದಲ್ಲಿ ನಾಳೆ ಬಿಸಿ ಎಣ್ಣೆ ಹಿಡಿದವರು ಜಾರುತ್ತಾರೆ. ಒಬ್ಬರೇ ಹೇಳೋಕೆ ಹೆದರಿಕೆಯಾದರೆ ಇಬ್ಬರು ಸೇರಿ ಹೇಳೋಣ, ಬರಹದಲ್ಲಿ ಹೇಳೋಣ. ಕಾಲು ಜಾರಿ ಬೀಳದೆ ಉಳಿದಾಗಲೂ ಹೇಳೋಣ.

ಅಂಕಲ್ ಕೈ ಈಗ ವಾಸಿಯಾಗಿದೆ. ಎಸಿ ಪೈಪ್ ಸರಿಮಾಡಿದ್ರಾ ಅಂತ ಮೊನ್ನೆ ಫೋನಲ್ಲಿ ಕೇಳಿದ್ವಿ. "ಇಲ್ಲ, ಕೆಳಗೊಂದು ಬಕೆಟ್ ಇಟ್ಟಿದ್ದಾರೆ" ಅಂದ್ರು. ಬಾಗಿಲಲ್ಲಿ ಇಷ್ಟು ದಿನ ಜಾರೋಕೆ ನೀರಿತ್ತು, ಈಗ ಎಡವೋಕೆ ಬಕೆಟ್ಟೂ ಇದೆ.