ಅಪ್ಪ-ಅಮ್ಮನಿಗೂ ಒಂದು ಫೀಕಾ

ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ನಾವು ಕೆಲಸಕ್ಕೆ ಹೋಗ್ತೀವಿ; ಊರಿಂದ ಬಂದ ಅಪ್ಪ-ಅಮ್ಮ ದಿನವಿಡೀ ಕಿಟಕಿ ಪಕ್ಕ. ಅವರನ್ನೊಮ್ಮೆ ಹತ್ತಿರದ ಹಿರಿಯರ ಕೂಟಕ್ಕೆ ಕರೆದುಕೊಂಡು ಹೋಗಿ.

ಪಿಂಚಣಿದಾರರ ದೊಡ್ಡ ಸಂಘಗಳು ಇಲ್ಲಿ ಎರಡು: 1939ರ ಎಸ್‌ಪಿಎಫ್, 1942ರ ಪಿಆರ್‌ಒ. ಸದಸ್ಯತ್ವದ ರಗಳೆ ಬೇಡ ಅಂದ್ರೆ, ಅನೇಕ ಕಡೆ ಕಮ್ಯೂನ್ ನಡೆಸುವ ‘ಟ್ರೆಫ್‌ಪುಂಕ್ಟ್’ಗಳಿವೆ. ಹೋಗುವ ಮುಂಚೆ ಫೋನ್ ಮಾಡಿ, ಊರಿಂದ ಬಂದವರನ್ನೂ ಸೇರಿಸ್ತೀರಾ ಅಂತ ಕೇಳಿ. ನಡಿಗೆ, ಹೆಣಿಗೆ, ಗುಂಡು ಎಸೆಯುವ ಬೂಲ್ ಆಟಕ್ಕೆ ಭಾಷೆ ಅಷ್ಟಾಗಿ ಬೇಕಿಲ್ಲ.

ಅತಿಥಿ ಉಪನ್ಯಾಸ ಮಾತ್ರ ಸಾಮಾನ್ಯವಾಗಿ ಸ್ವೀಡಿಷ್‌ನಲ್ಲೇ. ಮೊದಲ ಸಲ ಪಕ್ಕದಲ್ಲಿ ಕೂತು ಪಿಸುಗುಟ್ಟಿ. ಬ್ಯಾಂಕ್‌ಐಡಿ ಮೋಸದ ಮಾತಿದ್ದರೆ ನೀವೂ ಕಿವಿಗೊಡಿ: ಯಾರೋ ಫೋನ್ ಮಾಡಿ ಲಾಗಿನ್ ಆಗಿ ಅಂದರೆ ತಕ್ಷಣ ಇಟ್ಟುಬಿಡಬೇಕು. (ನಮ್ಮೂರಿನ ಒಟಿಪಿ ಮೋಸದ ದಾಯಾದಿಯೇ ಇದು.)

ಬರೀ ಕೇಳುಗರಾಗಿಯೇ ಯಾಕಿರಬೇಕು? ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ಜನರಿಗೆ ಬಾಬಾಬುಡನ್‌ಗಿರಿಯ ಕಾಫಿ ಕಥೆಯನ್ನು ಅಪ್ಪ ಹೇಳಲಿ. ಹತ್ತು ಫೋಟೋ ಸಾಕು, ಅನುವಾದಕ್ಕೆ ನೀವಿದ್ದೀರಿ. ಕೂಟಗಳು ಹಗಲಲ್ಲೇ ನಡೆಯುವುದು ಹೆಚ್ಚು. ಅರ್ಧ ದಿನ ರಜೆ ಹಾಕಬೇಕಾದೀತು, ಹಾಕಿ.