ಅಜ್ಜ ಪಳಗಿಸಿದ ಕುದುರೆ, ಮೊಮ್ಮಗನ ಸವಾರಿ

ಪ್ಯಾರಿಸ್ ನಗರದ ಪಶ್ಚಿಮದ ಅಂಚಿನಲ್ಲಿ ಬುಲೋನ್ ಎಂಬ ದೊಡ್ಡ ಕಾಡುತೋಪಿದೆ. ಅದರೊಳಗೆ ಲಾಂಗ್‌ಶಾಂ ಎಂಬ ಹುಲ್ಲಿನ ಮೈದಾನ. ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಅಲ್ಲಿ ಒಂದು ಕುದುರೆ ಓಟ ನಡೆಯುತ್ತದೆ. ಮುಗಿಯಲು ಎರಡೂವರೆ ನಿಮಿಷ ಸಾಕು. ಆದರೆ ಆ ಎರಡೂವರೆ ನಿಮಿಷಕ್ಕಾಗಿ ಜಪಾನಿನಿಂದಲೂ ವಿಮಾನದಲ್ಲಿ ಕುದುರೆಗಳು ಬರುತ್ತವೆ!

ಕುದುರೆ ಓಟ ಎಂದೊಡನೆ ಅಜ್ಜಿಯರು ಹುಬ್ಬು ಗಂಟಿಕ್ಕುವುದು ಸಹಜ. ಬಾಜಿ ಕಟ್ಟಿ ಮನೆ ಕಳೆದುಕೊಂಡವರ ಕಥೆ ಯಾವ ಊರಿನಲ್ಲಿಲ್ಲ? ಈ ವಾರದ ಮಾತು ಬಾಜಿಯದಲ್ಲ, ಹೆದರಬೇಡಿ. ಇದು ಒಂದು ಓಟದ ಕಥೆ, ಅದರ ಜೊತೆಗೆ ಬೆಳೆದ ಒಂದು ಮನೆತನದ ಕಥೆ.

ಓಟದ ಹೆಸರು ‘ಪ್ರಿ ದ ಲಾರ್ಕ್ ದ ತ್ರಿಯೋಂಫ್’. ಬಾಯಿಗೆ ಕಷ್ಟವಾದರೆ ‘ಆರ್ಕ್’ ಎನ್ನಿ, ಅಲ್ಲಿಯವರೂ ಹಾಗೆಯೇ ಕರೆಯುತ್ತಾರೆ. ಪ್ಯಾರಿಸ್ಸಿನ ನಡುವೆ ನಿಂತಿರುವ ವಿಜಯದ ಕಮಾನಿನ ಹೆಸರು ಅದು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರ ಜುಲೈ 14ರಂದು, ಗೆದ್ದ ಸೈನ್ಯಗಳು ಆ ಕಮಾನಿನಡಿ ಹಾದು ಮೆರವಣಿಗೆ ಹೋದವು. ಮರುವರ್ಷ ಅದೇ ಹೆಸರಿನಲ್ಲಿ ಓಟ ಶುರುವಾಯಿತು. ಅದುವರೆಗಿನ ಹೆಸರಾಂತ ‘ಗ್ರಾಂ ಪ್ರಿ ದ ಪಾರಿ’ ಓಟ ಮೂರು ವರ್ಷದ ಕುದುರೆಗಳಿಗಷ್ಟೇ ಮೀಸಲಾಗಿತ್ತು. ಹೊಸ ಓಟದಲ್ಲಿ ಮೂರು ವರ್ಷದ ಮರಿಯೂ ಐದು ವರ್ಷದ ಅಕ್ಕನೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ಯಾವ ದೇಶದ ಕುದುರೆಯಾದರೂ ಬರಬಹುದು. ಚಿಕ್ಕವರ ಬೆನ್ನ ಮೇಲೆ ಭಾರ ಕಡಿಮೆ, ದೊಡ್ಡವರ ಮೇಲೆ ಹೆಚ್ಚು, ಅಷ್ಟೇ ವ್ಯತ್ಯಾಸ.

1920ರ ಅಕ್ಟೋಬರ್ 3ರಂದು ಮೊದಲ ಓಟ. ಫ್ರಾನ್ಸಿನ ವಿಜಯದ ಹೆಸರಿನ ಓಟವನ್ನು ಗೆದ್ದದ್ದು ಇಂಗ್ಲೆಂಡಿನಲ್ಲಿ ಪಳಗಿದ ಕುದುರೆ! ಅದರ ಹೆಸರು ಕಾಮ್ರೇಡ್, ಎಂದರೆ ಸಂಗಾತಿ. ಮರಿಯಾಗಿದ್ದಾಗ ಅದನ್ನು ಕೊಂಡದ್ದು ಬರೀ 25 ಗಿನಿಗೆ. ಒಂದು ಪೌಂಡು ಒಂದು ಶಿಲ್ಲಿಂಗ್ ಸೇರಿದರೆ ಒಂದು ಗಿನಿ. ಓಟದ ಕುದುರೆಗೆ ಅದು ಬೆಲೆಯೇ ಅಲ್ಲ. ಆ 25 ಗಿನಿಯನ್ನು ನೆನಪಿಡಿ, ಮಕ್ಕಳೇ. ಕಥೆಯ ಕೊನೆಗೆ ಬೇಕಾಗುತ್ತದೆ.

ಈ ಮೈದಾನದಲ್ಲಿ ಒಂದು ಮೋಸವಿದೆ. ಓಟದ ದೂರ 2400 ಮೀಟರ್. ಶುರುವಿನಲ್ಲಿ ಸ್ವಲ್ಪ ಸಮತಟ್ಟು, ಆಮೇಲೆ ಏರು, ಅದಾದ ಮೇಲೆ ಬಲಕ್ಕೆ ತಿರುಗುತ್ತಾ ಇಳಿಜಾರು. ಇಳಿದ ಮೇಲೆ ದಾರಿ ನೇರವಾಗುತ್ತದೆ. ‘ಆಹಾ, ಗುರಿ ಬಂತು’ ಎಂದು ಹೊಸ ಜಾಕಿ ಕುದುರೆಯನ್ನು ಹುರಿದುಂಬಿಸಿ ಬಿಡುತ್ತಾನೆ. ಆದರೆ ಅದು ಕೊನೆಯ ದಾರಿಯಲ್ಲ! ಅಲ್ಲಿಂದ ಇನ್ನೊಂದು ತಿರುವು, ಅದರ ಆಚೆಗೆ ನಿಜವಾದ ನೇರ ದಾರಿ, ಅರ್ಧ ಕಿಲೋಮೀಟರಿಗೂ ಹೆಚ್ಚು. ಮೊದಲನೆಯದನ್ನು ಫ್ರೆಂಚರು ‘ಸುಳ್ಳು ನೇರದಾರಿ’ ಎಂದೇ ಕರೆಯುತ್ತಾರೆ. ಅಲ್ಲಿ ಅವಸರ ಮಾಡಿದ ಕುದುರೆಗೆ ಕೊನೆಯಲ್ಲಿ ಉಸಿರು ಉಳಿಯುವುದಿಲ್ಲ.

ಈಗ ಆ ಮನೆತನ. ಹೆಡ್ ಎಂಬುದು ಮನೆತನದ ಹೆಸರು. ಮೂಲತಃ ಇಂಗ್ಲೆಂಡಿನವರು, ಕುದುರೆಗಳ ಬೆನ್ನು ಹತ್ತಿ ಫ್ರಾನ್ಸಿಗೆ ಬಂದು ನೆಲೆಸಿದವರು. ಅಜ್ಜನ ಹೆಸರು ವಿಲಿಯಂ ಹೆಡ್, ಕುದುರೆ ಪಳಗಿಸುವುದೇ ಕಸುಬು.

ಅವನ ಕಾಲದಲ್ಲೇ ಎರಡನೆಯ ಮಹಾಯುದ್ಧ ಬಂತು. 1939 ಮತ್ತು 1940ರಲ್ಲಿ ಓಟವೇ ನಡೆಯಲಿಲ್ಲ. 1943ರ ಏಪ್ರಿಲಿನಲ್ಲಿ ಲಾಂಗ್‌ಶಾಂ ಮೈದಾನದ ಮೇಲೇ ಬಾಂಬು ಬಿತ್ತು. ಆ ವರ್ಷವೂ ಮರುವರ್ಷವೂ ಆರ್ಕ್ ಓಟವನ್ನು ಬೇರೆ ಮೈದಾನದಲ್ಲಿ ಓಡಿಸಬೇಕಾಯಿತು. 1936 ಮತ್ತು 1937, ಎರಡು ವರ್ಷವೂ ಗೆದ್ದಿದ್ದ ಕೊರಿದಾ ಎಂಬ ಹೆಣ್ಣು ಕುದುರೆ ಆಗ ನಾರ್ಮಂಡಿಯ ತೋಟದಲ್ಲಿ ಮರಿ ಹಾಕಿಕೊಂಡು ಸುಖವಾಗಿತ್ತು. 1944ರ ಬೇಸಿಗೆಯಲ್ಲಿ ಆ ಸೀಮೆಯೆಲ್ಲ ರಣರಂಗವಾಯಿತು. ಕೊರಿದಾ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ವಿಜಯದ ಹೆಸರಿನ ಓಟವನ್ನು ಎರಡು ಸಲ ಗೆದ್ದವಳನ್ನು ಯುದ್ಧ ನುಂಗಿಹಾಕಿತು.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. 1947ರಲ್ಲಿ ವಿಲಿಯಂ ಅಜ್ಜನ ಲಾಯದಲ್ಲಿ ಲ ಪಾಯಾಂ ಎಂಬ ಕುದುರೆಯಿತ್ತು. ಅದು ಬೇಲಿ ಹಾರುವ ಓಟದ ಕುದುರೆ. ಆ ವರ್ಷದ ಶುರುವಿನಲ್ಲಿ ಅಜ್ಜನ ಮಗ ಅಲೆಕ್ ಅದನ್ನು ಇಂಗ್ಲೆಂಡಿನ ದೊಡ್ಡ ಬೇಲಿ ಓಟದಲ್ಲಿ ಓಡಿಸಿ ಎರಡನೆಯ ಸ್ಥಾನ ತಂದಿದ್ದ. ಅದೇ ಕುದುರೆಯನ್ನು ಅಜ್ಜ ಅಕ್ಟೋಬರಿನಲ್ಲಿ ಬೇಲಿಯಿಲ್ಲದ ಆರ್ಕ್ ಓಟಕ್ಕೆ ಇಳಿಸಿದ. ಗೆದ್ದೇಬಿಟ್ಟಿತು! ಅದೇ ವರ್ಷ ಅಲೆಕ್‌ನ ಮನೆಯಲ್ಲಿ ಗಂಡು ಮಗು ಹುಟ್ಟಿತು, ಹೆಸರು ಫ್ರೆಡ್ಡಿ. ಮರುವರ್ಷ ಹೆಣ್ಣು ಮಗು. ಅವಳನ್ನು ಎಲ್ಲರೂ ಕರೆಯುವುದು ಕ್ರಿಕೆಟ್ ಎಂದು. ನಗಬೇಡಿ, ಬ್ಯಾಟು ಚೆಂಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಫ್ರೆಡ್ಡಿ ಜಾಕಿಯಾದ. 1966ರಲ್ಲಿ ಅಜ್ಜನ ಲಾಯದಿಂದ ಬೊಂ ಮೊ ಎಂಬ ಕುದುರೆ ಆರ್ಕ್ ಓಟಕ್ಕೆ ಹೊರಟಿತು. ಜೀನಿನ ಮೇಲೆ ಹತ್ತೊಂಬತ್ತು ವರ್ಷದ ಮೊಮ್ಮಗ! ಅಜ್ಜ ಪಳಗಿಸಿದ ಕುದುರೆಯನ್ನು ಮೊಮ್ಮಗ ಗೆಲ್ಲಿಸಿದ. ಹತ್ತು ವರ್ಷದ ಮೇಲೆ, 1976ರಲ್ಲಿ, ಅಪ್ಪ ಅಲೆಕ್ ಪಳಗಿಸಿದ ಇವಾಂಜಿಕಾ ಎಂಬ ಹೆಣ್ಣು ಕುದುರೆಯ ಮೇಲೆ ಫ್ರೆಡ್ಡಿ ಮತ್ತೆ ಗೆದ್ದ.

ಅಷ್ಟರಲ್ಲಿ ತಂಗಿಗೂ ಅಜ್ಜನ ಕಸುಬಿನ ಹುಚ್ಚು ಹಿಡಿದಿತ್ತು. ಕುದುರೆ ಪಳಗಿಸುವುದು ಗಂಡಸರ ಕೆಲಸವೆಂದು ಜನ ತಿಳಿದಿದ್ದ ಕಾಲ ಅದು. 1979ರ ಆರ್ಕ್ ಗೆದ್ದ ತ್ರೀ ಟ್ರೊಯ್ಕಾಸ್ ಎಂಬ ಹೆಣ್ಣು ಕುದುರೆಯನ್ನು ಪಳಗಿಸಿದವಳು ಕ್ರಿಕೆಟ್, ಓಡಿಸಿದವನು ಅಣ್ಣ ಫ್ರೆಡ್ಡಿ, ಕುದುರೆಯ ಒಡತಿ ಅವರ ಅಮ್ಮ ಗಿಲೆನ್. ಆರ್ಕ್ ಗೆದ್ದ ಕುದುರೆಯನ್ನು ಪಳಗಿಸಿದ ಮೊದಲ ಮಹಿಳೆ ಕ್ರಿಕೆಟ್. ಅಜ್ಜನಿಗೆ, ಅಪ್ಪನಿಗೆ, ತಂಗಿಗೆ, ಮೂವರಿಗೂ ಒಬ್ಬನೇ ಸವಾರ ಒಂದೇ ಓಟ ಗೆದ್ದುಕೊಟ್ಟ. ಇಂಥ ಮನೆ ಇನ್ನೊಂದು ಸಿಗುವುದು ಕಷ್ಟ.

ಇನ್ನು ಆ 25 ಗಿನಿಯ ಮಾತು. ಅಲೆಕ್ 1958ರಲ್ಲಿ ನಾರ್ಮಂಡಿಯಲ್ಲಿ ಪಾಳುಬಿದ್ದಿದ್ದ ಕುದುರೆ ತೋಟವೊಂದನ್ನು ಕೊಂಡು ಹಸನು ಮಾಡಿದ್ದ. 2010ರಲ್ಲಿ ಅಲ್ಲಿ ಒಂದು ಹೆಣ್ಣು ಮರಿ ಹುಟ್ಟಿತು. ಹೆಸರು ಟ್ರೆವ್. ಮರುವರ್ಷ ಹರಾಜಿಗೆ ಒಯ್ದರೆ ಸರಿಯಾದ ಬೆಲೆ ಕೊಡುವವರೇ ಇಲ್ಲ. ಹರಾಜು 22 ಸಾವಿರ ಯೂರೊಗೆ ನಿಂತುಹೋಯಿತು. ಒಳ್ಳೆಯ ಮರಿಗಳು ಲಕ್ಷಗಟ್ಟಲೆ ಯೂರೊಗೆ ಹೋಗುವ ಪೇಟೆ ಅದು. ಮನೆಯವರು ಟ್ರೆವ್‌ಳನ್ನು ವಾಪಸು ಕರೆತಂದರು. ಕ್ರಿಕೆಟ್ ಪಳಗಿಸತೊಡಗಿದಳು. ಬೇಡವೆಂದವರೆಲ್ಲ ಆಮೇಲೆ ಕೈ ಹಿಸುಕಿಕೊಂಡಿರಬೇಕು. 2013ರಲ್ಲಿ ಫ್ರಾನ್ಸಿನ ಹೆಣ್ಣು ಕುದುರೆಗಳ ದೊಡ್ಡ ಓಟವನ್ನು ಟ್ರೆವ್ ಗೆದ್ದಾಗ ಕತಾರ್ ದೇಶದ ರಾಜಮನೆತನದವರು ಬಂದು ಕೊಂಡರು. ಪಳಗಿಸುವ ಕೆಲಸ ಕ್ರಿಕೆಟ್ ಕೈಯಲ್ಲೇ ಉಳಿಯಿತು. ಅಕ್ಟೋಬರಿನಲ್ಲಿ ಆರ್ಕ್ ಕೂಡ ಟ್ರೆವ್‌ಳ ಪಾಲಾಯಿತು. ಹಿಂದೆ ಬಿದ್ದ ಜಪಾನಿನ ಹೆಸರಾಂತ ಕುದುರೆಗೂ ಅವಳಿಗೂ ಐದು ಕುದುರೆಯುದ್ದದ ಅಂತರ!

ಮರುವರ್ಷ ಎಲ್ಲ ತಲೆಕೆಳಗು. ಬೆನ್ನು ನೋವು, ಗೊರಸಿನ ತೊಂದರೆ. ಮೂರು ಓಟ ಓಡಿ ಮೂರರಲ್ಲೂ ಸೋತಳು. ‘ಇವಳ ಕಾಲ ಮುಗಿಯಿತು’ ಎಂದು ಪತ್ರಿಕೆಗಳು ಬರೆದವು. ವಯಸ್ಸು ಒಂದು ಹೆಚ್ಚಾದ್ದರಿಂದ ಬೆನ್ನ ಮೇಲಿನ ಭಾರವೂ ಹಿಂದಿನ ವರ್ಷಕ್ಕಿಂತ ಮೂರೂವರೆ ಕಿಲೋ ಹೆಚ್ಚು. ಕ್ರಿಕೆಟ್ ಮಾತ್ರ ಕೈಬಿಡಲಿಲ್ಲ. 2014ರ ಆರ್ಕ್ ಓಟದಲ್ಲಿ ಜಾಕಿ ತಿಯೆರಿ ಜಾರ್ನೆ ಟ್ರೆವ್‌ಳನ್ನು ನಿಜವಾದ ನೇರ ದಾರಿಯಲ್ಲಿ ಮುಂದಕ್ಕೆ ಬಿಟ್ಟ. ಮತ್ತೆ ಅವಳೇ ಮೊದಲು. ಸತತ ಎರಡು ವರ್ಷ ಒಂದೇ ಕುದುರೆ ಗೆದ್ದು ಅದಾಗಲೇ 36 ವರ್ಷವಾಗಿತ್ತು. ಆಗ ಅಲೆಕ್‌ಗೆ ತೊಂಬತ್ತು ವರ್ಷ. ತನ್ನ ತೋಟದಲ್ಲಿ ಹುಟ್ಟಿದ, ಹರಾಜಿನಲ್ಲಿ ಯಾರಿಗೂ ಬೇಡವಾದ ಮರಿಯನ್ನು ಮಗಳು ಎರಡು ಸಲ ಗೆಲ್ಲಿಸಿದ್ದನ್ನು ಅವನು ಕಂಡ.

2015ರಲ್ಲಿ ಟ್ರೆವ್ ಮೂರನೆಯ ಗೆಲುವಿಗೆ ಹೊರಟು ನಾಲ್ಕನೆಯವಳಾದಳು. 2017, 2018ರಲ್ಲಿ ಗೆದ್ದ ಎನೇಬಲ್ ಎಂಬ ಇಂಗ್ಲೆಂಡಿನ ಹೆಣ್ಣು ಕುದುರೆ 2019ರಲ್ಲಿ ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಸೋತು ಎರಡನೆಯದಾಯಿತು. ಆರ್ಕ್ ಓಟವನ್ನು ಮೂರು ಸಲ ಗೆದ್ದ ಕುದುರೆ ಇನ್ನೂ ಬಂದಿಲ್ಲ.